ಒಂದೇ ಡ್ರಮ್ಮಿನಲ್ಲಿ ಎರಡು ಉಪ್ಪು: ಕರಗುವ ಲೆಕ್ಕ, ಅಳೆಯುವ ಕ್ರಮ, ಗಸಿ ಬೀಳದ ರಸಾವರಿ

100 ಲೀಟರ್ ನೀರಿಗೆ 20 ಕೆ.ಜಿ. ಬಿಳಿ ಪೊಟ್ಯಾಷ್ (ಪೊಟ್ಯಾಷಿಯಂ ಕ್ಲೋರೈಡ್) ಹಾಕಿ ಕಲಕಿದರೆ ಕರಗುತ್ತದೆ. ಇನ್ನೊಂದು ಡ್ರಮ್ಮಿನ 100 ಲೀಟರಿಗೆ 20 ಕೆ.ಜಿ. ಅಮೋನಿಯಂ ಸಲ್ಫೇಟ್ ಹಾಕಿದರೆ ಅದೂ ಕರಗುತ್ತದೆ. ಈ ಎರಡನ್ನೂ ಒಂದೇ ಡ್ರಮ್ಮಿನ 100 ಲೀಟರಿಗೆ ಸುರಿದರೆ ಮಾತ್ರ ಸ್ವಲ್ಪ ಹೊತ್ತಿನಲ್ಲೇ ತಳದಲ್ಲಿ ಮರಳಿನಂಥ ಬಿಳಿ ಹರಳು ಕೂರುತ್ತದೆ. ಎಷ್ಟು ಕಲಕಿದರೂ ಹೋಗುವುದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕಬ್ಬಿಗೆ, ತರಕಾರಿಗೆ ಡ್ರಿಪ್ ಹಾಕಿ ನೀರಿನ ಜೊತೆಗೇ ಗೊಬ್ಬರ ಕೊಡುವವರು (ಇದೇ ರಸಾವರಿ) ಇದನ್ನು ಕಂಡಾಗ ಮೊದಲು ಅನುಮಾನಿಸುವುದು ಗೊಬ್ಬರದ ಅಂಗಡಿಯನ್ನು. ಗೊಬ್ಬರದಲ್ಲಿ ಕಲಬೆರಕೆ ಇರಬೇಕಾಗಿಲ್ಲ. ಡ್ರಮ್ಮಿನಲ್ಲಿ ಕೂತಿರುವುದು ನೀವು ಹಾಕದೇ ಇದ್ದ ಮೂರನೆಯ ಉಪ್ಪು, ಪೊಟ್ಯಾಷಿಯಂ ಸಲ್ಫೇಟ್.

ಚೀಲದ ಮೇಲೆ ಅಥವಾ ಪುಸ್ತಕದಲ್ಲಿ ಕೊಟ್ಟಿರುವ ಕರಗುವಿಕೆಯ ಅಂಕಿ ಒಂಟಿ ಉಪ್ಪಿನದು. ಉಪ್ಪುಗಳು ಬೆರೆತಾಗ ಆ ಅಂಕಿಗಳನ್ನು ಕೂಡಿ ಕಳೆದು ಉತ್ತರ ತೆಗೆಯಲಾಗದು. ನೀರಿಗೆ ಬಿದ್ದ ಮೇಲೆ ಉಪ್ಪು ಉಪ್ಪಾಗಿ ಉಳಿಯದೆ ಅಯಾನುಗಳಾಗಿ, ಅಂದರೆ ವಿದ್ಯುದಂಶ ಹೊತ್ತ ಕಣಗಳಾಗಿ ಒಡೆಯುತ್ತದೆ. ಯಾವ ಅಯಾನು ಯಾವ ಚೀಲದಿಂದ ಬಂತು ಎಂಬುದು ನೀರಿಗೆ ಗೊತ್ತಿರುವುದಿಲ್ಲ. ಅಲ್ಲಿರುವ ಅಯಾನುಗಳಿಂದ ಕಟ್ಟಬಹುದಾದ ಎಲ್ಲ ಜೋಡಿಗಳಲ್ಲಿ ಯಾವುದರ ಮಿತಿ ಮೊದಲು ದಾಟುತ್ತದೋ ಅದು ಗಟ್ಟಿಯಾಗಿ ಕೆಳಗಿಳಿಯುತ್ತದೆ. ಇದನ್ನು ಕೈಯಾರೆ ಅಳೆದು ನೋಡುವ ಕ್ರಮ ಮೊದಲು, ಡ್ರಮ್ಮಿನ ಲೆಕ್ಕ ಆಮೇಲೆ.

ಒಂಟಿ ಉಪ್ಪಿನ ಅಂಕಿಗಳು

100 ಗ್ರಾಂ ಶುದ್ಧ ನೀರಿನಲ್ಲಿ ಕರಗುವ ಪ್ರಮಾಣ, ಗ್ರಾಂಗಳಲ್ಲಿ, ಸುಮಾರಾಗಿ:

| ಉಪ್ಪು | 10° ಸೆ. | 20° ಸೆ. | 30° ಸೆ. | 40° ಸೆ. |
|---|---|---|---|---|
| ಅಡುಗೆ ಉಪ್ಪು (ಸೋಡಿಯಂ ಕ್ಲೋರೈಡ್) | 35.8 | 35.9 | 36.1 | 36.4 |
| ಎಂಒಪಿ (ಪೊಟ್ಯಾಷಿಯಂ ಕ್ಲೋರೈಡ್) | 31 | 34 | 37 | 40 |
| 13:0:45 (ಪೊಟ್ಯಾಷಿಯಂ ನೈಟ್ರೇಟ್) | 21 | 32 | 45 | 62 |
| ಎಸ್‌ಒಪಿ (ಪೊಟ್ಯಾಷಿಯಂ ಸಲ್ಫೇಟ್) | 9.3 | 11.1 | 13 | 14.8 |
| ಅಮೋನಿಯಂ ಸಲ್ಫೇಟ್ | 73 | 75 | 78 | 81 |
| 12:61:0 (ಮಾನೋ ಅಮೋನಿಯಂ ಫಾಸ್ಫೇಟ್) | 29 | 37 | 46 | 57 |
| ಯೂರಿಯಾ | 85 | 108 | 135 | 165 |

ಈ ಪಟ್ಟಿಯನ್ನು ಅಡ್ಡಕ್ಕೆ ಓದಿ. ಅಡುಗೆ ಉಪ್ಪಿಗೆ ಬಿಸಿಯಾದರೂ ಒಂದೇ, ತಣ್ಣಗಾದರೂ ಒಂದೇ. 13:0:45, ಅಂದರೆ ನಮ್ಮ ಹಿರಿಯರ ಪೆಟ್ಲುಪ್ಪು, 40 ಡಿಗ್ರಿಯಿಂದ 10ಕ್ಕೆ ಇಳಿದರೆ ಮೂರನೇ ಒಂದು ಭಾಗ ಮಾತ್ರ ಕರಗಿ ಉಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಸಲೀಸಾಗಿ ಕರಗಿದ ಅಳತೆಯನ್ನೇ ಡಿಸೆಂಬರಿನಲ್ಲೂ ಹಾಕಿದರೆ ಬೆಳಗಿನ ಜಾವ ಪೈಪಿನಲ್ಲಿ ಸೂಜಿಯಂಥ ಹರಳು ಕಟ್ಟಿಕೊಳ್ಳುವುದು ಇದರಿಂದಲೇ. ಮೈಸೂರು, ಮಂಡ್ಯಗಳಲ್ಲಿ ಚಳಿಗಾಲದ ಬೆಳಗಿನ ತಾಪ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ಲೆಕ್ಕಕ್ಕೆ ಹಿಡಿಯಬೇಕಾದದ್ದು ಕರಗಿಸುವ ಹೊತ್ತಿನ ತಾಪವನ್ನಲ್ಲ, ಆ ದ್ರಾವಣ ಖಾಲಿಯಾಗುವವರೆಗೆ ಕಾಣುವ ಅತಿ ಕಡಿಮೆ ತಾಪವನ್ನು.

ಬೆರೆಯುವ ಬಗೆ ಮೂರು

ಮೊದಲನೆಯದು ನಂಟಿಲ್ಲದ ಜೋಡಿ. ಯೂರಿಯಾ ಅಯಾನುಗಳಾಗಿ ಒಡೆಯುವುದಿಲ್ಲ. ಹಾಗಾಗಿ ಯೂರಿಯಾ ಮತ್ತು ಬಿಳಿ ಪೊಟ್ಯಾಷ್ ಒಂದೇ ಡ್ರಮ್ಮಿನಲ್ಲಿ ಹೊಂದಿಕೊಂಡಿರುತ್ತವೆ. ಕಬ್ಬಿನ ಡ್ರಿಪ್ಪಿಗೆ ಇದಕ್ಕಿಂತ ನೆಮ್ಮದಿಯ ಜೋಡಿ ಇಲ್ಲ.

ಎರಡನೆಯದು ಒಂದು ಅಯಾನು ಎರಡಕ್ಕೂ ಸಮಾನವಾಗಿರುವ ಜೋಡಿ. ಅಡುಗೆ ಉಪ್ಪು ಮತ್ತು ಪೊಟ್ಯಾಷಿಯಂ ಕ್ಲೋರೈಡ್ ಎರಡರಲ್ಲೂ ಕ್ಲೋರೈಡ್ ಇದೆ. ಒಂದನ್ನು ಹಾಕಿದಷ್ಟೂ ಇನ್ನೊಂದರ ಜಾಗ ಕಡಿಮೆಯಾಗುತ್ತದೆ. ಹೊಸ ಉಪ್ಪು ಹುಟ್ಟುವುದಿಲ್ಲ.

ಮೂರನೆಯದು ಕೈ ಬದಲಾಯಿಸುವ ಜೋಡಿ. ಪೊಟ್ಯಾಷಿಯಂ ಕ್ಲೋರೈಡ್ ಮತ್ತು ಅಮೋನಿಯಂ ಸಲ್ಫೇಟ್ ಸೇರಿದರೆ ಕಟ್ಟಬಹುದಾದ ಉಪ್ಪು ನಾಲ್ಕು: ಹಾಕಿದ ಎರಡು, ಜೊತೆಗೆ ಅಮೋನಿಯಂ ಕ್ಲೋರೈಡ್, ಪೊಟ್ಯಾಷಿಯಂ ಸಲ್ಫೇಟ್. ನಾಲ್ಕರಲ್ಲಿ ಅತಿ ಕಡಿಮೆ ಕರಗುವುದು ಕೊನೆಯದು. ತೊಂದರೆಯೆಲ್ಲ ಬರುವುದು ಈ ಮೂರನೇ ಬಗೆಯಲ್ಲಿ. ಆದರೆ ಅರ್ಥಮಾಡಿಕೊಳ್ಳಲು ಎರಡನೇ ಬಗೆಯಿಂದ ಶುರುಮಾಡುವುದು ಒಳ್ಳೆಯದು.

ಜಾಡಿಯಲ್ಲಿ ಅಳೆಯುವುದು

ಬೇಕಾದವು: ಗಟ್ಟಿ ಮುಚ್ಚಳದ 250 ಮಿ.ಲೀ. ಗಾಜಿನ ಜಾಡಿ ಎರಡು, 0.01 ಗ್ರಾಂ ತೋರಿಸುವ ತಕ್ಕಡಿ, ಥರ್ಮಾಮೀಟರ್, 10 ಮಿ.ಲೀ. ಪಿಪೆಟ್, ಪಿಂಗಾಣಿ ಬಟ್ಟಲು, ಒಂದು ಬಕೆಟ್ ನೀರು. ಕರಗಿಸುವ ನೀರು ಡಿಸ್ಟಿಲ್ಡ್ ಆಗಿರಲಿ. ಉಪ್ಪು ಲ್ಯಾಬ್ ದರ್ಜೆಯದಿರಲಿ. ಅಂಗಡಿಯ ಪುಡಿ ಉಪ್ಪಿನಲ್ಲಿ ಗಂಟುಕಟ್ಟದಿರಲು ಬೆರೆಸಿದ ಪುಡಿ ಇರುತ್ತದೆ, ಕಲ್ಲುಪ್ಪಿನಲ್ಲಿ ಮೆಗ್ನೀಷಿಯಂ ಇರುತ್ತದೆ. ಎರಡೂ ಫಲಿತಾಂಶ ಕೆಡಿಸುತ್ತವೆ.

1. ಪ್ರತಿ ಜಾಡಿಗೆ 100 ಗ್ರಾಂ ನೀರು, 40 ಗ್ರಾಂ ಸೋಡಿಯಂ ಕ್ಲೋರೈಡ್, 30 ಗ್ರಾಂ ಪೊಟ್ಯಾಷಿಯಂ ಕ್ಲೋರೈಡ್ ಹಾಕಿ. ಬೇಕಾದ್ದಕ್ಕಿಂತ ಹೆಚ್ಚು ಹಾಕುವುದು ಉದ್ದೇಶಪೂರ್ವಕ. ಕೊನೆಗೆ ಎರಡೂ ಉಪ್ಪಿನ ಹರಳು ತಳದಲ್ಲಿ ಉಳಿದಿರಬೇಕು.

2. ಒಂದು ಜಾಡಿಯನ್ನು ಹಾಗೇ 25 ಡಿಗ್ರಿಯ ಬಕೆಟ್ ನೀರಿನಲ್ಲಿಡಿ. ಇನ್ನೊಂದನ್ನು ಮೊದಲು 40 ಡಿಗ್ರಿಗೆ ಬಿಸಿ ಮಾಡಿ, ಚೆನ್ನಾಗಿ ಕುಲುಕಿ, ಆಮೇಲೆ ಅದೇ ಬಕೆಟ್ಟಿಗೆ ಇಳಿಸಿ. ಮೊದಲನೆಯದು ಕರಗುತ್ತಾ ಸಮತೋಲನಕ್ಕೆ ಬರುತ್ತದೆ, ಎರಡನೆಯದು ಹರಳು ಬಿಡುತ್ತಾ ಬರುತ್ತದೆ. ಎರಡರ ಫಲಿತಾಂಶ ಒಂದೇ ಆದರೆ ಮಾತ್ರ ಅದು ನಿಜವಾದ ಸಮತೋಲನ. ಈ ಎರಡು ಕಡೆಯ ತಾಳೆ ಇಲ್ಲದೆ ಬರೆದ ಕರಗುವಿಕೆಯ ಅಂಕಿಯನ್ನು ನಂಬಬಾರದು.

3. ಅರ್ಧ ಗಂಟೆಗೊಮ್ಮೆಯಾದರೂ ಹಗಲೆಲ್ಲ ಕುಲುಕಿ, ಒಟ್ಟು 24 ಗಂಟೆ ಬಿಡಿ. ಬಕೆಟ್ ತಾಪ ಅರ್ಧ ಡಿಗ್ರಿಗಿಂತ ಹೆಚ್ಚು ಏರಿಳಿಯದಂತೆ ಬಿಸಿನೀರು, ತಣ್ಣೀರು ಸೇರಿಸುತ್ತಾ ನೋಡಿಕೊಳ್ಳಿ.

4. ಕುಲುಕುವುದು ನಿಲ್ಲಿಸಿ ಎರಡು ಗಂಟೆ ತಿಳಿಯಾಗಲು ಬಿಡಿ. ಪಿಪೆಟ್ಟಿನ ತುದಿಗೆ ಸ್ವಲ್ಪ ಹತ್ತಿ ಸುತ್ತಿ ತಿಳಿಯನ್ನು ಎಳೆದುಕೊಳ್ಳಿ, ಆಮೇಲೆ ಹತ್ತಿ ತೆಗೆದು ಬಟ್ಟಲಿಗೆ ಬಿಡಿ. ಹತ್ತಿಯಿಲ್ಲದೆ ಎಳೆದರೆ ಕಣ್ಣಿಗೆ ಕಾಣದ ಒಂದೆರಡು ಹರಳು ಬಂದು ಅಂಕಿ ಏರಿಬಿಡುತ್ತದೆ. ತಣ್ಣಗಿನ ಪಿಪೆಟ್ಟಿನಲ್ಲಿ ಹರಳು ಕಟ್ಟದಿರಲು ಅದನ್ನು ಮೊದಲೇ ಬಕೆಟ್ ನೀರಿನ ತಾಪಕ್ಕೆ ತಂದಿರಬೇಕು.

5. ಸರಿಯಾಗಿ 10 ಗ್ರಾಂ ತಿಳಿಯನ್ನು ತೂಗಿ, ಹಬೆಯ ಮೇಲೆ ಒಣಗಿಸಿ, ಆಮೇಲೆ 110 ಡಿಗ್ರಿಯಲ್ಲಿ ತೂಕ ಬದಲಾಗದಿರುವ ತನಕ ಇಡಿ. ನೇರ ಉರಿಯ ಮೇಲಿಟ್ಟರೆ ಹರಳಿನೊಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಉಪ್ಪು ಚಟಚಟ ಸಿಡಿದು ಹೊರಬೀಳುತ್ತದೆ. ಬಟ್ಟಲಿನ ಮೇಲೆ ಗಾಜಿನ ತಟ್ಟೆ ಮುಚ್ಚಿರಲಿ.

ಒಣಗಿದ ಉಪ್ಪು 3.15 ಗ್ರಾಂ ಹತ್ತಿರ ಬರಬೇಕು. ಅದರಲ್ಲಿ ಯಾವುದು ಎಷ್ಟು ಎಂದು ಹೇಳಲು ಕ್ಲೋರೈಡ್ ಅಳೆಯಬೇಕು. ಒಣ ಉಪ್ಪನ್ನು ಕರಗಿಸಿ 250 ಮಿ.ಲೀ. ಮಾಡಿ, ಅದರಲ್ಲಿ 10 ಮಿ.ಲೀ. ತೆಗೆದು, ಶೇ. 5ರ ಪೊಟ್ಯಾಷಿಯಂ ಕ್ರೋಮೇಟ್ 1 ಮಿ.ಲೀ. ಸೇರಿಸಿ, 0.1 ನಾರ್ಮಲ್ ಸಿಲ್ವರ್ ನೈಟ್ರೇಟಿನಿಂದ ಟೈಟ್ರೇಟ್ ಮಾಡಿ, ಅಂದರೆ ಅದನ್ನು ಹನಿಹನಿಯಾಗಿ ಬಿಡುತ್ತಾ ಎಷ್ಟು ಹೋಯಿತೆಂದು ಅಳೆಯಿರಿ. ಹಳದಿ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗಿ ನಿಂತಾಗ ನಿಲ್ಲಿಸಿ. ಸುಮಾರು 20 ಮಿ.ಲೀ. ಹೋಗುತ್ತದೆ. ಒಟ್ಟು ಕ್ಲೋರೈಡನ್ನು ಮೋಲ್‌ಗಳಲ್ಲಿ (ಗ್ರಾಂ ತೂಕವನ್ನು ಅಣುತೂಕದಿಂದ ಭಾಗಿಸಿದರೆ ಬರುವ ಅಂಕಿ) ಬರೆದುಕೊಂಡು, ಅದರಿಂದ ಒಣ ತೂಕದ 0.013414 ಪಟ್ಟನ್ನು ಕಳೆದು, ಉಳಿದದ್ದನ್ನು 0.003698ರಿಂದ ಭಾಗಿಸಿದರೆ ಸೋಡಿಯಂ ಕ್ಲೋರೈಡಿನ ಗ್ರಾಂ ಸಿಗುತ್ತದೆ. ಆ ಎರಡು ಸಂಖ್ಯೆಗಳು ಎರಡು ಉಪ್ಪಿನ ಅಣುತೂಕಗಳಿಂದ, 58.44 ಮತ್ತು 74.55ರಿಂದ, ಬಂದವು. ಒಂದು ಎಚ್ಚರಿಕೆ: ಟೈಟ್ರೇಶನ್ನಿನಲ್ಲಿ ಶೇ. 1 ತಪ್ಪಿದರೆ ಉತ್ತರದಲ್ಲಿ 0.13 ಗ್ರಾಂ, ಅಂದರೆ ಶೇ. 6ಕ್ಕೂ ಹೆಚ್ಚು ತಪ್ಪುತ್ತದೆ. ಮೂರು ಸಲ ಮಾಡಿ, 0.05 ಮಿ.ಲೀ. ಒಳಗೆ ತಾಳೆಯಾದವನ್ನು ಮಾತ್ರ ಇಟ್ಟುಕೊಳ್ಳಿ.

ಸರಿಯಾಗಿ ಮಾಡಿದರೆ ಸಿಗುವುದು ಇದು: 25 ಡಿಗ್ರಿಯಲ್ಲಿ 100 ಗ್ರಾಂ ನೀರಿನಲ್ಲಿ ಸೋಡಿಯಂ ಕ್ಲೋರೈಡ್ 29.8 ಗ್ರಾಂ, ಪೊಟ್ಯಾಷಿಯಂ ಕ್ಲೋರೈಡ್ 16.3 ಗ್ರಾಂ. ಒಂಟಿಯಾಗಿದ್ದರೆ ಎರಡೂ 36 ಗ್ರಾಂ ಹತ್ತಿರ ಕರಗುತ್ತಿದ್ದವು. ಒಟ್ಟು ಕರಗಿದ್ದು 46 ಗ್ರಾಂ, ಒಂಟಿ ಉಪ್ಪಿಗಿಂತ ಹೆಚ್ಚು. ಆದರೆ ಪ್ರತಿಯೊಂದೂ ತನ್ನ ಒಂಟಿ ಅಂಕಿಗಿಂತ ಕೆಳಗೆ, ಪೊಟ್ಯಾಷ್ ಅಂತೂ ಅರ್ಧಕ್ಕಿಂತ ಕೆಳಗೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಪೊಟ್ಯಾಷಿಯಂ ಕ್ಲೋರೈಡಿನ ಸಂತೃಪ್ತ (ಇನ್ನು ಕರಗದಷ್ಟು ತುಂಬಿದ) ದ್ರಾವಣದ ತಿಳಿಯನ್ನು ಮಾತ್ರ ಒಂದು ಲೋಟಕ್ಕೆ ಬಸಿದುಕೊಂಡು ಅದಕ್ಕೆ ಅಡುಗೆ ಉಪ್ಪು ಹಾಕಿ ಕಲಕಿ. ಹಾಕಿದ ಉಪ್ಪು ಕರಗುತ್ತಾ ಹೋದಂತೆ ತಿಳಿಯಾಗಿದ್ದ ದ್ರಾವಣದಿಂದ ಸಣ್ಣ ಪುಡಿ ಉದುರತೊಡಗುತ್ತದೆ. ಬೀಳುತ್ತಿರುವುದು ಹಾಕಿದ ಉಪ್ಪಲ್ಲ, ಮೊದಲೇ ಕರಗಿದ್ದ ಪೊಟ್ಯಾಷ್.

ಯಾಕೆ ಆ ಅಂಕಿ ಅಲುಗುವುದಿಲ್ಲ

ಜಾಡಿಗೆ 40ರ ಬದಲು 60 ಗ್ರಾಂ ಉಪ್ಪು ಹಾಕಿದ್ದರೂ ತಿಳಿಯಲ್ಲಿ 29.8 ಮತ್ತು 16.3 ಮಾತ್ರ ಇರುತ್ತಿತ್ತು. ಇದರ ಹಿಂದಿರುವುದು ಅಮೆರಿಕದ ವಿಜ್ಞಾನಿ ಜೆ. ವಿಲಾರ್ಡ್ ಗಿಬ್ಸ್ 1870ರ ದಶಕದಲ್ಲಿ ಕೊಟ್ಟ ಪ್ರಾವಸ್ಥಾ ನಿಯಮ. ಘಟಕಗಳ ಸಂಖ್ಯೆಯಿಂದ ಪ್ರಾವಸ್ಥೆಗಳ (ಒಂದಕ್ಕೊಂದು ಬೆರೆಯದೆ ಬೇರೆಯಾಗಿ ನಿಂತ ಭಾಗಗಳ) ಸಂಖ್ಯೆ ಕಳೆದು 2 ಕೂಡಿದರೆ ನಮಗಿರುವ ಸ್ವಾತಂತ್ರ್ಯ ಎಷ್ಟೆಂದು ಸಿಗುತ್ತದೆ. ತಾಪ, ಒತ್ತಡ ಎರಡನ್ನೂ ಕಟ್ಟಿಹಾಕಿದರೆ ಆ 2 ಹೋಗುತ್ತದೆ. ಜಾಡಿಯಲ್ಲಿ ಘಟಕ ಮೂರು: ನೀರು ಮತ್ತು ಎರಡು ಉಪ್ಪು. ಪ್ರಾವಸ್ಥೆಯೂ ಮೂರು: ದ್ರಾವಣ, ಒಂದು ಉಪ್ಪಿನ ಹರಳು, ಇನ್ನೊಂದರ ಹರಳು. ಮೂರರಲ್ಲಿ ಮೂರು ಕಳೆದರೆ ಸೊನ್ನೆ. ದ್ರಾವಣ ಬದಲಾಗಲು ಎಡೆಯೇ ಇಲ್ಲ. ಒಂದೇ ಉಪ್ಪಿನ ಹರಳು ತಳದಲ್ಲಿದ್ದರೆ ಸ್ವಾತಂತ್ರ್ಯ ಒಂದು. ಆಗ ಇನ್ನೊಂದು ಉಪ್ಪು ಎಷ್ಟಿದೆ ಎಂಬುದನ್ನು ಅವಲಂಬಿಸಿ ಮಿತಿ ಸರಿದಾಡುತ್ತದೆ. ಕೈ ಬದಲಾಯಿಸುವ ಜೋಡಿಯಲ್ಲಿ ಉಪ್ಪು ನಾಲ್ಕು ಕಂಡರೂ, ನೀರು ಸೇರಿ ಘಟಕ ಐದಲ್ಲ, ನಾಲ್ಕೇ. ಮೂರು ಉಪ್ಪು ಗೊತ್ತಾದರೆ ನಾಲ್ಕನೆಯದು ಅವುಗಳಿಂದ ಲೆಕ್ಕಕ್ಕೆ ಸಿಗುತ್ತದೆ.

ಅಳೆದದ್ದನ್ನು ತ್ರಿಕೋನದ ಕಾಗದದ ಮೇಲೆ ಗುರುತಿಸಿ. ಮೇಲಿನ ತುದಿ ನೀರು, ಕೆಳಗಿನ ಎರಡು ತುದಿ ಎರಡು ಉಪ್ಪು. ಒಂಟಿ ಉಪ್ಪಿನ ಕರಗುವಿಕೆ ಎರಡು ಬದಿಗಳ ಮೇಲೆ ಬೀಳುತ್ತದೆ. ಜಾಡಿಯಲ್ಲಿ ಅಳೆದ, ಎರಡೂ ಉಪ್ಪು ಸಂತೃಪ್ತವಾಗಿರುವ ಸಂಧಿಬಿಂದು ಒಟ್ಟು ದ್ರಾವಣದ ಶೇಕಡಾವಾರಿನಲ್ಲಿ ಸೋಡಿಯಂ ಕ್ಲೋರೈಡ್ 20.4, ಪೊಟ್ಯಾಷಿಯಂ ಕ್ಲೋರೈಡ್ 11.1, ಉಳಿದದ್ದು ನೀರು. ಎರಡು ಬದಿಗಳಿಂದ ಈ ಬಿಂದುವಿಗೆ ಬರುವ ಗೆರೆಗಳನ್ನು ಪಡೆಯಲು ಒಂದು ಉಪ್ಪನ್ನು 5, 10, 15, 20 ಗ್ರಾಂ ಎಂದು ಏರಿಸುತ್ತಾ, ಇನ್ನೊಂದನ್ನು ಮಿಗುವಷ್ಟು ಹಾಕಿ ಇದೇ ಕ್ರಮವನ್ನು ಮತ್ತೆ ಮಾಡಬೇಕು.

ತಳದ ಹರಳು ಯಾವುದೆಂದು ಗುರುತಿಸಲು ಅದನ್ನು ತೊಳೆದು ಒಣಗಿಸಬೇಡಿ. ತೊಳೆದರೆ ಕರಗುತ್ತದೆ, ಒಣಗಿಸಿದರೆ ಅಂಟಿದ ದ್ರಾವಣದ ಉಪ್ಪೂ ಸೇರಿಕೊಳ್ಳುತ್ತದೆ. ಡಚ್ ರಸಾಯನ ವಿಜ್ಞಾನಿ ಸ್ಕ್ರೈನ್‌ಮೇಕರ್ಸ್ ತೋರಿಸಿದ ಉಪಾಯ ಬಹಳ ಸೊಗಸಾದದ್ದು: ಒದ್ದೆ ಹರಳನ್ನು ಒದ್ದೆಯಾಗಿಯೇ ತೂಗಿ ವಿಶ್ಲೇಷಿಸಿ, ಆ ಬಿಂದುವನ್ನೂ ತ್ರಿಕೋನದಲ್ಲಿ ಗುರುತಿಸಿ. ದ್ರಾವಣದ ಬಿಂದುವಿನಿಂದ ಒದ್ದೆ ಹರಳಿನ ಬಿಂದುವಿನ ಮೂಲಕ ಗೆರೆ ಎಳೆದು ಮುಂದುವರಿಸಿದರೆ ಅದು ಶುದ್ಧ ಹರಳಿನ ಬಿಂದುವಿಗೇ ಹೋಗಿ ಮುಟ್ಟುತ್ತದೆ. ಮೆಗ್ನೀಷಿಯಂ ಸಲ್ಫೇಟಿನಂಥ ನೀರು ಕಟ್ಟಿಕೊಂಡ ಹರಳಾದರೆ ಗೆರೆ ತ್ರಿಕೋನದ ತುದಿಗೆ ಹೋಗದೆ ಬದಿಯ ಮೇಲೆ ಶೇ. 48.8 ಉಪ್ಪು ಇರುವ ಕಡೆ ನಿಲ್ಲುತ್ತದೆ. ಏಳು ಅಣು ನೀರು ಹೊತ್ತ ಹರಳಿನಲ್ಲಿ ಉಪ್ಪು ಇರುವುದೇ ಅಷ್ಟು.

ಬಿಸಿಯಲ್ಲಿ ಬೇರೆ ಮಾಡುವುದು, ಬಿಳಿ ಪೊಟ್ಯಾಷಿನ ಕಥೆ

ಇದೇ ಜೋಡಿ 100 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 27.5 ಗ್ರಾಂ ಸೋಡಿಯಂ ಕ್ಲೋರೈಡ್, 35 ಗ್ರಾಂ ಪೊಟ್ಯಾಷಿಯಂ ಕ್ಲೋರೈಡ್ ಹಿಡಿಯುತ್ತದೆ. ಬಿಸಿಯಾದಾಗ ಪೊಟ್ಯಾಷ್ ಎರಡರಷ್ಟಾಯಿತು, ಅಡುಗೆ ಉಪ್ಪು ಸ್ವಲ್ಪ ಕಡಿಮೆಯೇ ಆಯಿತು. ಈ ಬಿಸಿ ತಿಳಿಯನ್ನು ಬಸಿದು 25ಕ್ಕೆ ತಣಿಸಿದರೆ ಅಡುಗೆ ಉಪ್ಪು ಬೀಳುವುದಿಲ್ಲ, ಅದಕ್ಕೆ 29.8ರವರೆಗೆ ಜಾಗವಿದೆ. ಬೀಳುವುದು ಪೊಟ್ಯಾಷಿಯಂ ಕ್ಲೋರೈಡ್ ಮಾತ್ರ, 17 ಗ್ರಾಂ ಆಸುಪಾಸು. ಉಳಿದ ತಿಳಿಯನ್ನು ಮತ್ತೆ ಬಿಸಿ ಮಾಡಿ ಹೊಸ ಅದಿರಿಗೆ ಸುರಿದರೆ ಚಕ್ರ ಮುಂದುವರಿಯುತ್ತದೆ. ಜರ್ಮನಿಯ ಸ್ಟಾಸ್‌ಫುರ್ಟ್‌ನಲ್ಲಿ 1860ರ ದಶಕದಲ್ಲಿ ಪೊಟ್ಯಾಷ್ ಉದ್ಯಮ ಶುರುವಾದ ಮೇಲೆ ಅಲ್ಲಿನ ಉಪ್ಪುಗಳ ಸಮತೋಲನವನ್ನು ವರ್ಷಗಟ್ಟಲೆ ಅಳೆದವರು ವಾಂಟ್ ಹಾಫ್, 1901ರಲ್ಲಿ ರಸಾಯನ ವಿಜ್ಞಾನದ ಮೊದಲ ನೊಬೆಲ್ ಪಡೆದವರು. ನಮ್ಮ ಅಂಗಡಿಗೆ ಬರುವ ಎಂಒಪಿ ಆಮದಿನದು. ಅದರಲ್ಲಿ ಬಿಳಿಯದು ಬಹುಮಟ್ಟಿಗೆ ಹೀಗೆ ಕರಗಿಸಿ ಮರಳಿ ಹರಳುಗಟ್ಟಿಸಿದ್ದು. ಕೆಂಪನೆಯದು ಸಾಮಾನ್ಯವಾಗಿ ಅದಿರನ್ನು ಪುಡಿಮಾಡಿ ನೊರೆಯಲ್ಲಿ ತೇಲಿಸಿ ಬೇರ್ಪಡಿಸಿದ್ದು, ಹಾಗಾಗಿ ಕಬ್ಬಿಣದ ಕೆಂಪು ಅದರಲ್ಲೇ ಉಳಿಯುತ್ತದೆ. ನೆಲಕ್ಕೆ ಎರಚಲು ಎರಡೂ ಒಂದೇ. ಡ್ರಿಪ್ಪಿಗೆ ಬಿಳಿಯದೇ ಬೇಕು.

ನಮ್ಮ ಸೀಮೆಯಲ್ಲೂ ಉಪ್ಪಾರರು ಚೌಳು ಮಣ್ಣನ್ನು ನೀರಿನಲ್ಲಿ ಕದಡಿ, ತಿಳಿ ಬಸಿದು, ಬಿಸಿಲಿಗೊಣಗಿಸಿ ಉಪ್ಪು ತೆಗೆಯುತ್ತಿದ್ದರು. ನೀರು ಆರುತ್ತಾ ಹೋದಂತೆ ಯಾವ ಉಪ್ಪು ಮೊದಲು, ಯಾವುದು ಆಮೇಲೆ ಬೀಳುತ್ತದೆ, ಯಾವ ಹಂತದಲ್ಲಿ ಕಹಿ ನೀರನ್ನು ಚೆಲ್ಲಬೇಕು ಎಂಬ ತಿಳಿವಳಿಕೆ ಇದೇ ತ್ರಿಕೋನದ ವಿದ್ಯೆ.

ಬಿಸಿ ಪ್ರಯೋಗ ಮಾಡುವವರಿಗೆ ಒಂದು ಮಾತು: ಮೈಸೂರು ಸಮುದ್ರಮಟ್ಟದಿಂದ 770 ಮೀಟರ್ ಆಸುಪಾಸಿನಲ್ಲಿದೆ, ಶುದ್ಧ ನೀರು ಇಲ್ಲಿ 97.5 ಡಿಗ್ರಿಯ ಹತ್ತಿರ ಕುದಿಯುತ್ತದೆ. ಥರ್ಮಾಮೀಟರ್ 100 ತೋರಿಸಲಿಲ್ಲವೆಂದು ಅದನ್ನು ಎಸೆಯಬೇಡಿ.

ಡ್ರಮ್ಮಿಗೆ ಹಾಕುವ ಮುಂಚೆ ಕಾಗದದ ಮೇಲೆ

ಈಗ ಮೊದಲಿನ ಡ್ರಮ್ಮಿಗೆ ಬರೋಣ. 100 ಲೀಟರಿಗೆ ಎಷ್ಟು ಕೆ.ಜಿ. ಎಂಬುದನ್ನು 10ರಿಂದ ಗುಣಿಸಿ ಅಣುತೂಕದಿಂದ ಭಾಗಿಸಿದರೆ ಒಂದು ಲೀಟರ್ ನೀರಿಗೆ ಎಷ್ಟು ಮೋಲ್ ಎಂದು ಸಿಗುತ್ತದೆ. ಪೊಟ್ಯಾಷ್ 20 ಕೆ.ಜಿ.: 200ನ್ನು 74.55ರಿಂದ ಭಾಗಿಸಿದರೆ ಪೊಟ್ಯಾಷಿಯಂ 2.68 ಮೋಲ್. ಅಮೋನಿಯಂ ಸಲ್ಫೇಟ್ 20 ಕೆ.ಜಿ.: 200ನ್ನು 132.1ರಿಂದ ಭಾಗಿಸಿದರೆ ಸಲ್ಫೇಟ್ 1.51 ಮೋಲ್. ಪೊಟ್ಯಾಷಿಯಂ ಸಲ್ಫೇಟಿನಲ್ಲಿ ಪೊಟ್ಯಾಷಿಯಂ ಎರಡು, ಸಲ್ಫೇಟ್ ಒಂದು. ಆದ್ದರಿಂದ ಪೊಟ್ಯಾಷಿಯಂ ಅಂಕಿಯನ್ನು ಎರಡು ಸಲ, ಸಲ್ಫೇಟ್ ಅಂಕಿಯನ್ನು ಒಂದು ಸಲ ಗುಣಿಸಿ: 2.68 × 2.68 × 1.51, ಅಂದರೆ 10.8.

ಇದನ್ನು ಹೋಲಿಸಬೇಕಾದದ್ದು ಪೊಟ್ಯಾಷಿಯಂ ಸಲ್ಫೇಟ್ ಒಂಟಿಯಾಗಿ ಸಂತೃಪ್ತವಾದಾಗಿನ ಗುಣಲಬ್ಧದೊಂದಿಗೆ. 20 ಡಿಗ್ರಿಯಲ್ಲಿ ಅದು 1.27 × 1.27 × 0.64, ಅಂದರೆ 1.03. 15 ಡಿಗ್ರಿಯಲ್ಲಿ 0.8. ನಮ್ಮ ಡ್ರಮ್ಮು ಮಿತಿಯ ಹತ್ತು ಪಟ್ಟು ದಾಟಿದೆ. ಎರಡನ್ನೂ ಅರ್ಧಕ್ಕಿಳಿಸಿ 10 ಕೆ.ಜಿ. ಮಾಡಿದರೂ 1.36 ಬರುತ್ತದೆ, ಇನ್ನೂ ಗಸಿಯೇ. 6 ಕೆ.ಜಿ. ಮಾಡಿದರೆ 0.29. ಇದು ಕ್ಷೇಮ.

ಇಂಥ ಗಾಢ ದ್ರಾವಣದಲ್ಲಿ ಅಯಾನುಗಳು ಒಂದನ್ನೊಂದು ಎಳೆದಾಡುವುದರಿಂದ ಈ ಗುಣಲಬ್ಧ ಕರಾರುವಾಕ್ಕಲ್ಲ. ಅಮೋನಿಯಂ ಕೂಡ ಪೊಟ್ಯಾಷಿಯಂ ಸಲ್ಫೇಟಿನ ಹರಳಿನೊಳಗೆ ಸೇರಿಕೊಳ್ಳುತ್ತದೆ. ಅದಕ್ಕೇ ಮಿತಿಯ ಅರ್ಧ ದಾಟದಂತೆ ಯೋಜಿಸುವುದು, ಆಮೇಲೆ ಬಾಟಲಿಯಲ್ಲಿ ಪರೀಕ್ಷಿಸುವುದು. ಪೊಟ್ಯಾಷ್ ಜೊತೆ ಕ್ಯಾಲ್ಸಿಯಂ ನೈಟ್ರೇಟ್ ಗಾಢವಾಗಿ ಸೇರಿಸಿದರೂ ಇದೇ ಗತಿ: ಚಳಿಯಲ್ಲಿ ಪೊಟ್ಯಾಷಿಯಂ ನೈಟ್ರೇಟಿನ ಸೂಜಿಗಳು ಬರುತ್ತವೆ.

ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಒಂದೇ ಡ್ರಮ್ಮಿಗೆ ಬಿದ್ದರಂತೂ ಲೆಕ್ಕವೇ ಬೇಡ, ಆದರೂ ಒಮ್ಮೆ ನೋಡಿ. ಕ್ಯಾಲ್ಸಿಯಂ ನೈಟ್ರೇಟ್ 10 ಕೆ.ಜಿ., ಮೆಗ್ನೀಷಿಯಂ ಸಲ್ಫೇಟ್ 10 ಕೆ.ಜಿ., ನೀರು 100 ಲೀಟರ್. ಇದರಿಂದ 7 ಕೆ.ಜಿ. ಜಿಪ್ಸಂ ಕಟ್ಟಬಲ್ಲದು. ನೀರಿನಲ್ಲಿ ಕರಗಿರಬಲ್ಲ ಜಿಪ್ಸಂ ಲೀಟರಿಗೆ 2.4 ಗ್ರಾಂ, ಅಂದರೆ 100 ಲೀಟರಿಗೆ ಕಾಲು ಕೆ.ಜಿ. ಉಳಿದ ಆರೂವರೆ ಕೆ.ಜಿ.ಗೂ ಮೇಲ್ಪಟ್ಟದ್ದು ಡ್ರಮ್ಮಿನ ತಳದಲ್ಲಿ ಸುಣ್ಣದ ಕೆಸರಿನಂತೆ ಕೂರುತ್ತದೆ. ನೀವು ದುಡ್ಡು ಕೊಟ್ಟ ಕ್ಯಾಲ್ಸಿಯಂ ಮತ್ತು ಗಂಧಕ ಎರಡೂ ಅದರಲ್ಲೇ ಹೋಯಿತು.

ಡ್ರಮ್ಮಿನ ಕೆಲಸ

ಎರಡು ಡ್ರಮ್ ಇಟ್ಟುಕೊಳ್ಳಿ, ಗುರುತು ಬರೆಯಿರಿ. ಮೊದಲನೆಯದರಲ್ಲಿ ಕ್ಯಾಲ್ಸಿಯಂ ನೈಟ್ರೇಟ್, ಬೇಕಿದ್ದರೆ ಜೊತೆಗೆ 13:0:45 ಮತ್ತು ಯೂರಿಯಾ. ಎರಡನೆಯದರಲ್ಲಿ 12:61:0, ಎಸ್‌ಒಪಿ, ಮೆಗ್ನೀಷಿಯಂ ಸಲ್ಫೇಟ್. ಕ್ಯಾಲ್ಸಿಯಂ ಇರುವ ಡ್ರಮ್ಮಿಗೆ ಸಲ್ಫೇಟೂ ಬೇಡ, ಫಾಸ್ಫೇಟೂ ಬೇಡ. ಡಿಎಪಿ ಕಾಳು, ಸೂಪರ್ ಫಾಸ್ಫೇಟ್ ಯಾವ ಡ್ರಮ್ಮಿಗೂ ಬೇಡ. ಸೂಪರ್ ಫಾಸ್ಫೇಟಿನಲ್ಲಿ ಜಿಪ್ಸಂ ತಯಾರಿಕೆಯಲ್ಲೇ ಸೇರಿರುತ್ತದೆ.

1. ಮೊದಲು ಒಂದು ಲೀಟರ್ ಬಾಟಲಿಯಲ್ಲಿ ಪರೀಕ್ಷೆ. 100 ಲೀಟರಿಗೆ 5 ಕೆ.ಜಿ. ಎಂದರೆ ಬಾಟಲಿಗೆ 50 ಗ್ರಾಂ. ನೀವು ನಿಜವಾಗಿ ಬಳಸುವ ಬೋರ್ ನೀರು ಅಥವಾ ನಾಲೆ ನೀರಿನಲ್ಲೇ ಮಾಡಿ. ಕರಗಿದ ಮೇಲೆ ರಾತ್ರಿಯಿಡೀ ಬಯಲಲ್ಲಿಡಿ. ಬೆಳಿಗ್ಗೆ ತಿಳಿಯಾಗಿದ್ದರೂ ನಿರಾಳವಾಗಬೇಡಿ. ಮಿತಿ ದಾಟಿದ ದ್ರಾವಣ ಎಷ್ಟೋ ಹೊತ್ತು ಹರಳು ಬಿಡದೆ ನಿಲ್ಲಬಲ್ಲದು. ಅನುಮಾನವಿರುವ ಉಪ್ಪಿನ, ಉದಾಹರಣೆಗೆ ಎಸ್‌ಒಪಿಯ, ಒಂದು ಚಿಟಿಕೆ ಹಾಕಿ ಕುಲುಕಿ. ಚಿಟಿಕೆ ಕರಗಿಹೋದರೆ ಜಾಗವಿದೆ. ಹಾಗೇ ಉಳಿದು ಸುತ್ತ ಹರಳು ಬೆಳೆದರೆ ಮಿತಿ ದಾಟಿದೆ.

2. ಡ್ರಮ್ಮಿಗೆ ಮುಕ್ಕಾಲು ಭಾಗ ನೀರು ತುಂಬಿ. ಪೂರ್ತಿ ತುಂಬಿ ಗೊಬ್ಬರ ಸುರಿದರೆ ಉಕ್ಕಿ ಹರಿಯುತ್ತದೆ. 15 ಕೆ.ಜಿ. ಯೂರಿಯಾ ಒಂದೇ 11 ಲೀಟರಿನಷ್ಟು ಜಾಗ ಹಿಡಿಯುತ್ತದೆ.

3. ಎರಡನೇ ಡ್ರಮ್ಮಿನಲ್ಲಿ 12:61:0 ಮೊದಲು, ಅದು ನೀರನ್ನು ಹುಳಿಗೆ ತಿರುಗಿಸಿ ಮುಂದಿನವಕ್ಕೆ ಅನುಕೂಲ ಮಾಡುತ್ತದೆ. ಆಮೇಲೆ ಕಡಿಮೆ ಕರಗುವ ಎಸ್‌ಒಪಿ. ಕೊನೆಗೆ ಸುಲಭವಾಗಿ ಕರಗುವ ಮೆಗ್ನೀಷಿಯಂ ಸಲ್ಫೇಟ್. ಪ್ರತಿಯೊಂದೂ ಪೂರ್ತಿ ಕರಗಿದ ಮೇಲೆಯೇ ಮುಂದಿನದು.

4. ತಣ್ಣಗಾದ ನೀರು ಮತ್ತೆ ಬೆಚ್ಚಗಾಗಲು ಸಮಯ ಕೊಡಿ. ಯೂರಿಯಾ, ಪೊಟ್ಯಾಷ್, 13:0:45 ಕರಗುವಾಗ ನೀರಿನ ಶಾಖವನ್ನು ಹೀರುತ್ತವೆ. 100 ಲೀಟರಿಗೆ 15 ಕೆ.ಜಿ. ಯೂರಿಯಾ ಮತ್ತು 10 ಕೆ.ಜಿ. ಪೊಟ್ಯಾಷ್ ಒಟ್ಟಿಗೆ ಸುರಿದರೆ 26 ಡಿಗ್ರಿಯ ನೀರು 14ರ ಹತ್ತಿರಕ್ಕೆ ಇಳಿಯಬಲ್ಲದು. ಡ್ರಮ್ಮಿನ ಹೊರಮೈ ಬೆವರುತ್ತದೆ, ತಳದಲ್ಲಿ ಉಪ್ಪು ಕರಗದೆ ನಿಂತಂತೆ ಕಾಣುತ್ತದೆ. ಇದು ಗಸಿ ಅಲ್ಲ. ಒಂದೆರಡು ಗಂಟೆ ಬಿಸಿಲಿಗೆ ಬಿಟ್ಟು ಮತ್ತೆ ಕಲಕಿದರೆ ಹೋಗುತ್ತದೆ. ಇಂಥ ಗೊಬ್ಬರಗಳನ್ನು ಮೂರು ಕಂತಿನಲ್ಲಿ ಹಾಕುವುದು ಜಾಣತನ.

5. ಉಳಿದ ನೀರು ತುಂಬಿ, ಬಟ್ಟೆಯಲ್ಲಿ ಸೋಸಿ, ವೆಂಚುರಿಯ (ಗೊಬ್ಬರದ ನೀರನ್ನು ಡ್ರಿಪ್ ಲೈನಿಗೆ ಎಳೆದುಕೊಳ್ಳುವ ಸಾಧನ) ಕೊಳವೆಯನ್ನು ತಳದಿಂದ ನಾಲ್ಕು ಬೆರಳು ಮೇಲೆ ನಿಲ್ಲಿಸಿ.

6. ಒಂದು ಡ್ರಮ್ ಮುಗಿದ ಮೇಲೆ 10ರಿಂದ 15 ನಿಮಿಷ ಬರೀ ನೀರು ಬಿಟ್ಟು ಇನ್ನೊಂದನ್ನು ಶುರುಮಾಡಿ. ಎರಡನ್ನೂ ಒಟ್ಟಿಗೇ ಬಿಡಬೇಕಾದರೆ ಪ್ರತಿಯೊಂದೂ ನೂರು ಪಟ್ಟಾದರೂ ತೆಳುವಾಗಬೇಕು. ಮೇಲಿನ ಹತ್ತು ಹತ್ತು ಕೆ.ಜಿ. ಲೆಕ್ಕವೇ ನೂರು ಪಟ್ಟು ತೆಳುವಾದಾಗ ಕಟ್ಟಬಹುದಾದ ಜಿಪ್ಸಂ ಲೀಟರಿಗೆ 0.7 ಗ್ರಾಂ ಮಾತ್ರ. 2.4ರ ಮಿತಿಯೊಳಗೆ ಅದು ಕರಗಿಯೇ ಇರುತ್ತದೆ.

ಡ್ರಮ್ಮು ತಿಳಿಯಾಗಿದ್ದು ಡ್ರಿಪ್ಪರ್ ಕಟ್ಟಿಕೊಳ್ಳುವುದು ಬೇರೆ ರೋಗ. 12:61:0 ಇರುವ ಡ್ರಮ್ಮಿನ ಪಿಎಚ್ 4.5ರ ಹತ್ತಿರ, ಆ ಹುಳಿಯಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಕರಗಿರುತ್ತದೆ. ಗಡಸು ಬೋರ್ ನೀರಿನ ಲೈನಿಗೆ ಅದು ಬೆರೆತ ಕೂಡಲೇ ಪಿಎಚ್ 7 ದಾಟಿ, ನೀರಿನಲ್ಲೇ ಇದ್ದ ಕ್ಯಾಲ್ಸಿಯಂ, ಗೊಬ್ಬರದ ಫಾಸ್ಫೇಟನ್ನು ಹಿಡಿದುಕೊಳ್ಳುತ್ತದೆ. ಇಲ್ಲಿ ತೆಳುಮಾಡಿದ್ದೇ ತೊಂದರೆ ತಂದಿತು. ಪರೀಕ್ಷೆಯೂ ಹಾಗೇ ಆಗಬೇಕು: ಡ್ರಮ್ಮಿನ 10 ಮಿ.ಲೀ.ಯನ್ನು ಒಂದು ಲೀಟರ್ ಬೋರ್ ನೀರಿಗೆ ಹಾಕಿ ಎರಡು ಗಂಟೆ ಬಿಟ್ಟು, ಕಪ್ಪು ಬಟ್ಟೆಯ ಮುಂದೆ ಹಿಡಿದು ನೋಡಿ. ಹಾಲಿನ ಮಬ್ಬು ಕಂಡರೆ ಆ ನೀರಿಗೆ ಫಾಸ್ಫೇಟನ್ನು ಡ್ರಿಪ್ಪಿನಲ್ಲಿ ಕೊಡದೆ ನಾಟಿಯ ಹೊತ್ತಿಗೆ ಮಣ್ಣಿಗೆ ಸೇರಿಸುವುದೇ ಸರಿ. ಬೋರ್ ನೀರಿನ ಗಡಸುತನ ಮತ್ತು ಬೈಕಾರ್ಬೋನೇಟನ್ನು ಒಮ್ಮೆ ಪರೀಕ್ಷಾ ಕೇಂದ್ರದಲ್ಲಿ ಅಳೆಸಿಟ್ಟುಕೊಂಡರೆ ಊಹಿಸುವ ಕಷ್ಟವೂ ತಪ್ಪುತ್ತದೆ.

ಗಸಿಯನ್ನು ಓದುವುದು

ಫಿಲ್ಟರಿನಲ್ಲಿ ಅಥವಾ ತಳದಲ್ಲಿ ಸಿಕ್ಕಿದ ಗಸಿಯನ್ನು ಎಸೆಯುವ ಮುಂಚೆ ಅಂಗೈಯಲ್ಲಿ ಉಜ್ಜಿ. ಮರಳಿನಂತೆ ಗಟ್ಟಿಯಾಗಿ ಚುಚ್ಚುವ, ಹೊಸ ನೀರು ಹಾಕುತ್ತಾ ಕಲಕಿದರೆ ನಿಧಾನಕ್ಕೆ ಕರಗುವ ಹರಳು ಪೊಟ್ಯಾಷಿಯಂ ಸಲ್ಫೇಟ್. ಉದ್ದನೆಯ ಸೂಜಿಗಳಾಗಿದ್ದು ಬಿಸಿನೀರಿನಲ್ಲಿ ತಕ್ಷಣ ಮಾಯವಾದರೆ 13:0:45. ನುಣ್ಣಗೆ ಸುಣ್ಣದಂತಿದ್ದು ಬಿಸಿನೀರಿಗೂ ವಿನೆಗರಿಗೂ ಜಗ್ಗದಿದ್ದರೆ ಜಿಪ್ಸಂ. ವಿನೆಗರ್ ಬಿದ್ದ ಕೂಡಲೇ ಬುರುಗು ಬಂದರೆ ಕ್ಯಾಲ್ಸಿಯಂ ಕಾರ್ಬೋನೇಟ್, ಅದು ನಿಮ್ಮ ನೀರಿನದು, ಗೊಬ್ಬರದ್ದಲ್ಲ. ಬುರುಗಿಲ್ಲದೆ, ಇನ್ನೂ ಪ್ರಬಲವಾದ ಆಮ್ಲದಲ್ಲಿ ಮಾತ್ರ ಕರಗಿದರೆ ಫಾಸ್ಫೇಟ್. ಬೆರಳಿಗೆ ಕೆಂಪು ಬಳಿದುಕೊಂಡರೆ ಯಾರೋ ಬಿಳಿಯ ಬದಲು ಕೆಂಪು ಪೊಟ್ಯಾಷ್ ಹಾಕಿದ್ದಾರೆ. ಮೊದಲೆರಡನ್ನು ಚೆಲ್ಲಬೇಡಿ. ಅವು ಒಳ್ಳೆಯ ಗೊಬ್ಬರವೇ, ಇನ್ನೊಂದಷ್ಟು ನೀರಿನಲ್ಲಿ ಕರಗಿಸಿ ಗಿಡಕ್ಕೆ ಬಿಡಿ. ಜಿಪ್ಸಂ ಗಸಿಯನ್ನು ಬಟ್ಟೆಯಲ್ಲಿ ಸೋಸಿ ತೆಗೆದು ಚೌಳು ಕಂಡ ಕಡೆ ಮಣ್ಣಿಗೆ ಬೆರೆಸಿದರೆ ಅಲ್ಲೂ ಉಪಯೋಗಕ್ಕೆ ಬರುತ್ತದೆ.